ಅಜ್ಜಿಯ ತೊಡೆಯ ಮೇಲಿನ ಬೆಟ್ಟ

"ಅಕ್ಕಾ, ನಿಮ್ ಫೈಲ್ ಕೆಟ್ಟಿತ್ತು. ಅಜ್ಜಿ ತೊಡೆ ಮೇಲೆ ಬೆಟ್ಟ ಬಂದು ಕೂತಿತ್ತು. ತೆಗೆದುಹಾಕಿದ್ದೀನಿ," ಎಂದ ಪ್ರಿಂಟಿಂಗ್ ಅಂಗಡಿಯವನು.

ಸಂಜೆಗೆ ಪ್ರದರ್ಶನ. ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಕೂತು ಬಿಡಿಸಿದ ಚಿತ್ರದಲ್ಲಿ ಈಗ ಅಜ್ಜಿಯ ಮಡಿಲು ಬರಿದಾಗಿತ್ತು. ಕಲಾವಿದೆ ಹಣೆ ಚಚ್ಚಿಕೊಂಡಳು.

"ಬೇಕಂತಲೇ ಬಿಡಿಸಿದ್ದು ಕಣಪ್ಪಾ! ನಮ್ಮಜ್ಜಿ ಪದ್ಯ ಹಾಡೋವಾಗ ಬೆಟ್ಟ ಎದ್ದು ಬಂದು ಅವಳ ತೊಡೆ ಮೇಲೆ ಮಲಗ್ತಿತ್ತು. ನಾನು ಪಕ್ಕದಲ್ಲೇ ಕಣ್ಮುಚ್ಚಿ ಕೂತು ನೋಡ್ತಿದ್ದೆ. ಕಂಡಿದ್ದನ್ನಷ್ಟೇ ನಾನು ಬಿಡಿಸೋದು."

"ಕಣ್ಮುಚ್ಚಿಕೊಂಡು ನೋಡಿದ್ರಾ?"

"ಹೂಂ. ಬೆಟ್ಟ ವಾಪಸ್ ಇಡು."

ಅವನು ತಲೆ ಕೆರೆದುಕೊಂಡು ಮೌಸ್ ಹಿಡಿದ. "ಆಯ್ತಕ್ಕಾ. ಮತ್ತೆ ಆ ಬಾಗಿಲು ಗಾಳಿಯಲ್ಲಿ ತೇಲ್ತಿತ್ತಲ್ಲ, ಅದನ್ನೂ ಗೋಡೆಗೆ ಕೂರಿಸಿದ್ದೆ. ಕೀಳ್ಬೇಕಾ?"

ಪ್ರಿಂಟ್ ಕೈಗೆ ಬರುವವರೆಗೂ ಅಲ್ಲಿಂದ ಏಳಬಾರದೆಂದು ಕಲಾವಿದೆ ಸ್ಟೂಲ್ ಎಳೆದುಕೊಂಡು ಅವನ ಪಕ್ಕವೇ ಕೂತಳು.