ಮುದ್ರೆ ಮಾಸ್ತರರ ಇಸವಿ

ಸಕಲ ಜೀವಗಳನ್ನೂ ತನ್ನ ಕಾರ್ಯಶಾಲೆಯಲ್ಲಿ ಕಡೆದು, ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ ತನ್ನ ಗುರುತನ್ನೊತ್ತಿ ಲೋಕಕ್ಕೆ ಕಳುಹಿಸುವ ಆ ಆದಿಶಿಲ್ಪಿಗೆ ನಮಸ್ಕಾರ. ಆತನ ಅನುಗ್ರಹದಿಂದ ಈ ಕತೆ ಸಾಂಗವಾಗಿ ಸಾಗಲಿ.

ಮಾಸ್ತರರ ಹೆಂಡತಿ ಕಲ್ಲುಕೆತ್ತುವವನ ಕೈಯಿಂದ ಉಳಿಯನ್ನು ಕಸಿದುಕೊಂಡು ಶಾಲಿನೊಳಗೆ ಅಡಗಿಸಿಬಿಟ್ಟಳು.

“ಅಮ್ಮಾ, ಉಳಿ ಕೊಡೀಮ್ಮಾ. ಸಂಜೆಯೊಳಗೆ ಸಮಾಧಿಯ ಕಲ್ಲು ನಿಲ್ಲಿಸ್ಬೇಕು,” ಎಂದು ಅವನು ಅಂಗಲಾಚಿದ. “ಮಾಸ್ತರರು ಮೊದಲೇ ಬಂದು ಇಬ್ಬರ ಹೆಸರೂ ಕೆತ್ತಿಸಿ ಹೋಗಿದ್ರು. ಹುಟ್ಟಿದ ಇಸವಿಗೆ ಜಾಗ ಬಿಡು, ಅದನ್ನ ನನ್ನ ಹೆಂಡತಿ ಹೇಳ್ತಾಳೆ ಅಂದಿದ್ರು. ಅವರದ್ದೊಂದು, ನಿಮ್ಮದೊಂದು. ಅಷ್ಟೇ ತಾನೇ?”

“ಏನು ಅವಸರ? ಅವರೇನು ಎದ್ದು ಹೋಗ್ತಾರಾ?”

ಅಷ್ಟೇ ಅಲ್ಲವೆಂಬುದು ಆಕೆಗೆ ಗೊತ್ತು. ಮದುವೆಗೆ ಮುಂಚೆ ಆಕೆ ತನ್ನ ವಯಸ್ಸಿನಲ್ಲಿ ಆರು ವರ್ಷಗಳನ್ನು ಸದ್ದಿಲ್ಲದೆ ನುಂಗಿಹಾಕಿದ್ದಳು. ಬಾಯಲ್ಲಿ ಆಡಿದ ಸುಳ್ಳು ಹೇಗೋ ಗಾಳಿಗೆ ಸೇರಿಹೋಗಿತ್ತು. ಕಲ್ಲಿನಲ್ಲಿ ಕೊರೆದ ಸುಳ್ಳಾದರೋ ದೇವರ ಎದುರಿಗೇ ನೆಟ್ಟಗೆ ನಿಲ್ಲುವಂಥದು. ನಿಜ ಹೇಳಿದರೆ ನಡುಮನೆಯಲ್ಲಿ ನೆರೆದವರೆಲ್ಲ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ಅದರಲ್ಲೂ ಮೂಲೆಯ ಕುರ್ಚಿಯಲ್ಲಿ ತುಟಿ ಬಿಗಿದು ಕುಳಿತ ನಾದಿನಿ!

ಒಳಗೆ ಮಾಸ್ತರರು ಬಿಳಿಯ ಹೊದಿಕೆಯಡಿ ನಿಶ್ಚಿಂತರಾಗಿ ಮಲಗಿದ್ದರು. ಹಳೆಯ ರಿವಾಲ್ವರುಗಳ ಮೇಲಿನ ಕಾರ್ಖಾನೆಯ ಮುದ್ರೆಗಳನ್ನೋದಿ, ಅವು ತಯಾರಾದ ಇಸವಿಯನ್ನು ಹೇಳುವುದರಲ್ಲಿ ಅವರಿಗೆ ಸರಿಸಾಟಿಯಿರಲಿಲ್ಲ. ಹಾಗೆಂದೇ ಎಲ್ಲರ ಬಾಯಲ್ಲೂ ಮುದ್ರೆ ಮಾಸ್ತರರಾಗಿದ್ದರು. ಅವರ ವಯಸ್ಸನ್ನು ಯಾರಾದರೂ ಕೇಳಿದರೆ, “ಹೆಂಡತಿಗಿಂತ ದೊಡ್ಡವನು” ಎಂದಷ್ಟೇ ಹೇಳುತ್ತಿದ್ದರು. ಮನೆಯ ಕಾಗದಪತ್ರಗಳನ್ನೆಲ್ಲ ತಾವೇ ತುಂಬಿ, ಮಡಚಿ, ಹೆಂಡತಿಗೆ ಸಹಿಯ ಜಾಗವನ್ನು ಮಾತ್ರ ತೋರಿಸುತ್ತಿದ್ದರು. ಆಕೆಯೂ ಮಡಿಕೆ ಬಿಚ್ಚುವ ಗೋಜಿಗೆ ಹೋದವಳಲ್ಲ.

“ಎಪ್ಪತ್ತೆರಡು ಆಗಿರ್ಬೇಕು,” ಎಂದರು ಮಾಸ್ತರರು ಕೆಲಸ ಮಾಡುತ್ತಿದ್ದ ಹರಾಜುಮನೆಯ ಯಜಮಾನರು, ದೇಹದ ಪಕ್ಕದಲ್ಲಿ ನಿಂತು.

“ಛೇ, ಹಲ್ಲು ನೋಡಿ. ಎಪ್ಪತ್ತು ಮುಟ್ಟಿಲ್ಲ,” ಎಂದ ಮಾಸ್ತರರ ಶಿಷ್ಯ. ದಪ್ಪ ಗಾಜಿನ ದೆಸೆಯಿಂದ ಅವನಿಗೆ ಕನ್ನಡಕವೆಂದೇ ಹೆಸರಾಗಿತ್ತು.

“ಹಲ್ಲು ಆಮೇಲೆ ಕೂರಿಸಿದ್ದಿರಬಹುದು. ಒಂದು ಬಿಡಿಭಾಗ ನೋಡಿ ಇಸವಿ ಹೇಳ್ಬೇಡ ಅಂತ ಅವರೇ ನಿಂಗೆ ಬಡ್ಕೊಳ್ಳಲಿಲ್ವೇನೋ?”

“ಹಾಗಾದ್ರೆ ಮಂಡಿ?”

“ಮಂಡಿ ರಿಪೇರಿಯಾಗಿದೆ.”

“ಅಣಕ ಸಾಕು!” ಎಂದು ನಾದಿನಿ ಗುಡುಗಿದಳು.

*

ನಲವತ್ತು ವರ್ಷಗಳ ಹಿಂದೆ, ಹರಾಜುಮನೆಯ ಹಿಂದಿನ ಕೋಣೆಗೆ ಮಾಸ್ತರರ ಹೆಂಡತಿ ಮೊದಲು ಕಾಲಿಟ್ಟದ್ದು ತಾತನ ರಿವಾಲ್ವರಿನೊಂದಿಗೆ.

“ದೊಡ್ಡ ಯುದ್ಧದಲ್ಲಿ ನಮ್ಮ ತಾತ ಹಾರಿಸಿದ್ದು. ಬೇಕಾದ್ರೆ ನೋಡಿ, ನಳಿಗೆ ಮೇಲೇ ಇಸವಿ ಇದೆ,” ಎಂದು ಮೇಜಿನ ಮೇಲಿಟ್ಟಳು.

ಬೋಳಾಗತೊಡಗಿದ್ದ ತಲೆಯೊಂದು ಭೂತಗನ್ನಡಿಯ ಮೇಲೆ ಬಾಗಿತು. “ಇದು ಕಾರ್ಖಾನೆಯವರಿಗೆ ಪೇಟೆಂಟ್ ಸಿಕ್ಕ ಇಸವಿ. ಆಮೇಲೆ ಎಷ್ಟು ವರ್ಷ ತಯಾರಿಸಿದ್ರೂ ಇದನ್ನೇ ಒತ್ತುತ್ತಾರೆ.” ಹಿಡಿಯ ಸ್ಕ್ರೂ ಬಿಚ್ಚಿ, ಮರದ ತುಂಡನ್ನು ಸರಿಸಿ, ಅಡಗಿದ್ದ ಅಂಕಿಗಳನ್ನು ಓದಿದರು. ನಳಿಗೆಯನ್ನು ಬೆಳಕಿಗೆ ಹಿಡಿದರು. “ಇಲ್ಲಿ ವಿಳಾಸ ನೋಡಿ. ಕಾರ್ಖಾನೆ ಹೊಸ ಬೀದಿಗೆ ಹೋದ ಮೇಲಿನದು. ಅಷ್ಟು ಹೊತ್ತಿಗೆ ನಿಮ್ಮ ತಾತನ ಯುದ್ಧ ಮುಗಿದಿತ್ತು.”

“ಅಂದ್ರೆ ನಮ್ಮ ತಾತ ಸುಳ್ಳುಗಾರರಾ?”

“ಮಾರಿದ ಅಂಗಡಿಯವನು ಇರ್ಬಹುದು.”

ಸಿಟ್ಟಿನಿಂದ ಎದ್ದ ಭರಕ್ಕೆ ಆಕೆಯ ಕೋಟಿನಿಂದ ಬಿಲ್ಲೆಯೊಂದು ಕಳಚಿ ಬಿತ್ತು. ಶಾಲೆ ಮುಗಿಸಿದವರಿಗೆ ಕೊಡುತ್ತಿದ್ದ ಆ ಬಿಲ್ಲೆಯನ್ನು ಆಕೆ ಹೊರಗೆ ಹೊರಟಾಗಲೆಲ್ಲ ಹೆಮ್ಮೆಯಿಂದ ಧರಿಸುತ್ತಿದ್ದಳು. ಅವರು ಎತ್ತಿಕೊಂಡು, ಅಭ್ಯಾಸಬಲದಿಂದ ಹಿಂದುಮುಂದು ತಿರುಗಿಸಿ ನೋಡಿ, ಮರಳಿಸಿದರು.

ಆಕೆ ಬಿಲ್ಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. “ಮನುಷ್ಯರ ವಯಸ್ಸೂ ಹೀಗೇ ಹೇಳ್ತೀರೇನು?”

“ಮನುಷ್ಯರ ಸ್ಕ್ರೂ ಬಿಚ್ಚೋದು ನಮ್ಮ ಕೆಲಸ ಅಲ್ಲ.”

“ನನಗೆ ಇಪ್ಪತ್ತನಾಲ್ಕು,” ಎಂದಳು, ಯಾರೂ ಕೇಳದೆಯೇ.

ಅವರು ತಲೆ ಸವರಿಕೊಂಡು, ಕೊಂಚ ಯೋಚಿಸಿ, “ನನಗೆ ಮೂವತ್ತೆರಡು,” ಎಂದರು.

*

ಹೊರುವವರು ಬಂದರು. ದೇಹವನ್ನು ಎತ್ತಿದ್ದೇ ತಡ, ಬೆಳಗಿನಿಂದ ಕಲ್ಲಿನಂತೆ ಕುಳಿತಿದ್ದ ನಾದಿನಿಯ ಕಟ್ಟೆಯೊಡೆಯಿತು.

“ಅಯ್ಯೋ ತಮ್ಮಾ! ನನ್ನ ಸೊಂಟದ ಮೇಲೆ ಕೂತು ಬೆಳೆದವನೇ! ನನ್ನ ಬಿಟ್ಟು ಹೊರಟೆಯೇನೋ!”

ಹೊರುವವರು ಅರ್ಧಕ್ಕೇ ನಿಂತರು.

“ತಮ್ಮನಾ?” ಎಂದ ಕನ್ನಡಕ. “ಇವರು ಮಾಸ್ತರರ ತಂಗಿ ಅಲ್ವಾ?”

“ಸುಮ್ನಿರೋ. ದುಃಖದಲ್ಲಿ ಬಾಯಿ ತಪ್ಪುತ್ತೆ,” ಎಂದರು ಯಜಮಾನರು.

“ಇವತ್ತಲ್ಲ ಕಣಪ್ಪಾ ತಪ್ಪಿದ್ದು! ನಲವತ್ತು ವರ್ಷ ತಪ್ಪಿತ್ತು!” ಎಂದು ನಾದಿನಿ ಮೂಗೊರೆಸಿಕೊಂಡಳು. “ನೀವು ಅವನ್ನ ಕೆಳಗಿಳಿಸ್ರೋ, ಕೈ ಸೋತೀತು.”

ಮಾಸ್ತರರ ಹೆಂಡತಿ ಆಕೆಯ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದು ಬಾಗಿಲು ಮುಚ್ಚಿದಳು.

“ನಾನು ಅವನ ಅಕ್ಕ, ಅತ್ತಿಗೇ. ಮೂರು ವರ್ಷ ದೊಡ್ಡವಳು. ಮದುವೆಗೆ ಮುಂಚೆ ಓಡಿ ಬಂದು, ‘ಅಕ್ಕಾ, ಇನ್ಮೇಲೆ ನನ್ನ ಅಣ್ಣ ಅಂತ ಕರಿ’ ಅಂದ. ತಲೆ ನೆಟ್ಟಗಿದೆಯೇನೋ ಅಂದೆ. ‘ಹುಡುಗಿಗೆ ಮೂವತ್ತು, ನನಗೆ ಇಪ್ಪತ್ತಾರು. ನಾಳೆ ಅವಳ ನಿಜ ಹೊರಬಿದ್ರೂ ಗಂಡನಿಗಿಂತ ದೊಡ್ಡವಳು ಅಂತ ಯಾರೂ ಆಡ್ಕೋಬಾರ್ದು’ ಅಂದ. ಆಣೆ ಹಾಕಿಸ್ಕೊಂಡ. ಎತ್ತಿ ಆಡಿಸಿದವನಿಗೆ ಅಣ್ಣ, ಅಣ್ಣ ಅಂತ ಕರೆದೂ ಕರೆದೂ ನಾಲಿಗೆ ಸವೀತು.”

“ಮೂವತ್ತು ಅಂತ ಹೇಗೆ ಗೊತ್ತಾಯ್ತು ಅವರಿಗೆ?”

“ನಿಮ್ಮ ಬಿಲ್ಲೆ! ಅದರ ಹಿಂದೆ ಶಾಲೆಯ ಹಳೇ ಬೀದಿ ವಿಳಾಸ ಇತ್ತಂತೆ. ಶಾಲೆ ಜಾಗ ಬದಲಿಸಿದಾಗ ಇಪ್ಪತ್ತನಾಲ್ಕರವಳು ಇನ್ನೂ ಹನ್ನೊಂದರ ಕೂಸು. ಶಾಲೆ ಮುಗಿಸೋ ಮಾತೆಲ್ಲಿ ಬಂತು? ಆಗಲೇ ಹದಿನೇಳಾದ್ರೂ ಆಗಿರ್ಬೇಕು, ಈಗ ಮೂವತ್ತು ಅಂದ.”

ಆಕೆಗೆ ತಡೆಯಲಾಗದ ನಗು ಬಂತು. ಬಾಯಿಗೆ ಶಾಲು ತುರುಕಿಕೊಂಡು ನಕ್ಕಳು, ನಾದಿನಿಯೂ ನಕ್ಕಳು. ಮಾಸ್ತರರ ಹೆಂಡತಿಯ ನಗು ಥಟ್ಟನೆ ನಿಂತಿತು.

“ಹಾಗಾದ್ರೆ ಅವರಿಗೆ ಎಪ್ಪತ್ತೆರಡಲ್ಲ. ಅರವತ್ತಾರು.” ಕಣ್ಣು ತುಂಬಿ ಬಂತು. “ಇಷ್ಟು ಚಿಕ್ಕವನಾ? ಇಷ್ಟು ಚಿಕ್ಕ ವಯಸ್ಸಿಗೇ ಹೋಗಿಬಿಟ್ನಾ?”

ಗಂಡನನ್ನು ಆಕೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅಂಗಳಕ್ಕೆ ಬಂದು ಉಳಿಯನ್ನು ಕಲ್ಲುಕೆತ್ತುವವನ ಕೈಗಿತ್ತು, ನಡುಮನೆಗೂ ಕೇಳುವಂತೆ ಎರಡು ಇಸವಿಗಳನ್ನು ಒಂದೊಂದೇ ಅಂಕಿಯಾಗಿ ಹೇಳಿದಳು.

“ಅಮ್ಮಾ, ಅದಲುಬದಲು ಆಯ್ತೇನೋ. ಹೀಗೆ ಕೆತ್ತಿದ್ರೆ ನೀವು ದೊಡ್ಡವರಾಗಿಬಿಡ್ತೀರಿ.”

“ಆಗೋದೇನು ಬಂತು? ಆಗಿದ್ದೀನಿ. ಕೆತ್ತು.”

ಒಳಗೆ ಬೆರಳುಗಳು ಮಡಚಿಕೊಂಡವು, ಬಿಚ್ಚಿಕೊಂಡವು. ನಾದಿನಿ ತೋಳು ಜಗ್ಗಿದಳು. “ಬೇಡ ಅತ್ತಿಗೇ. ಇಷ್ಟು ವರ್ಷ ಅವನು ಕಾಪಾಡಿದ್ದು...”

“ನನಗೋಸ್ಕರ ಆರು ವರ್ಷ ಮೈಮೇಲೆ ಹೊತ್ಕೊಂಡು ತಿರುಗಿದ್ರು. ಇವತ್ತಾದ್ರೂ ಇಳಿಸಲಿ ಅಕ್ಕಾ.”

“ಅಕ್ಕ ಅನ್ಬೇಡಿ! ನೀವು ನನಗಿಂತಲೂ ಒಂದು ವರ್ಷ ದೊಡ್ಡವರು!”

ಉಳಿಯ ಸದ್ದು ನಿಂತಿತು. ಅಂಕಿ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಇಬ್ಬರೂ ಬಾಗಿ, ಒಟ್ಟಿಗೇ ಜೋರಾಗಿ ಊದಿದರು. ಕಲ್ಲಿನ ಪುಡಿ ಭುಗಿಲೆಂದೆದ್ದು, ಬಣ್ಣ ಹಚ್ಚಿದ ಎರಡು ತಲೆಗಳ ಮೇಲೂ ಸಮನಾಗಿ ಇಳಿಯಿತು. ಅವರು ತಲೆಯೆತ್ತಿದಾಗ ಇಬ್ಬರ ಕೂದಲೂ ಶುಭ್ರ ಬಿಳಿ; ಹಿರಿಯಳು ಯಾರು, ಕಿರಿಯಳು ಯಾರು ಎಂಬುದು ಎದುರಿಗೆ ನಿಂತ ಕಲ್ಲುಕೆತ್ತುವವನಿಗೂ ತಿಳಿಯಲಿಲ್ಲ.

ಇದನ್ನು ಕೇಳಿದವರೆಲ್ಲರಿಗೂ ದೀರ್ಘಾಯುಸ್ಸು ಒದಗಲಿ; ಆ ಆಯುಸ್ಸನ್ನು ಇದ್ದಷ್ಟೇ ಹೇಳಿಕೊಳ್ಳುವ ಧೈರ್ಯವೂ ಒದಗಲಿ. ಧೈರ್ಯ ಸಾಲದವರಿಗೆ, ಎಲ್ಲವನ್ನೂ ಓದಿಯೂ ಸುಮ್ಮನಿರುವ ಸಂಗಾತಿಯೊಬ್ಬರು ದೊರೆಯಲಿ.