ಒಂದು ಮನೆಗೆ ಒಂದೇ ಅರ್ಜಿ

"ಒಂದೇ ಮನೆಯಿಂದ ಇಬ್ಬರು ನಿಂತ್ರೆ ಓಟು ಒಡೀತದೆ," ಎಂದರು ನನ್ನ ಗಂಡ ಮುದ್ದಣ್ಣ, ಗಂಜಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ.

ಅದು ಪಂಚಾಯತು ಚುನಾವಣೆಯ ಮಾತಲ್ಲ. ಪೋಸ್ಟಾಫೀಸಿನ ಕೆಲಸಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕುವ ಮಾತು. ಇವರು ನಮ್ಮ ಊರಿನ ಪೋಸ್ಟ್ ಮಾಸ್ಟರು, ಅರುವತ್ತೈದು ತುಂಬುತ್ತ ಬಂದಿದೆ, ಹಳ್ಳಿಯ ಪೋಸ್ಟಾಫೀಸಿನಲ್ಲಿ ಅದೇ ನಿವೃತ್ತಿಯ ಸಮಯ. ಆ ಜಾಗಕ್ಕೆ ಅರ್ಜಿ ಕರೆದಿದ್ದರು. ಅಂದೇ ಕೊನೆಯ ದಿನ.

"ಅಶ್ಮಿತಾ, ನೀನು ಉಪ್ಪಳಕ್ಕೆ ಹೋಗಿ ಅಣ್ಣನ ಫಾರ್ಮ್ ಪೂರ್ತಿ ಮಾಡಿ ಬಾ. ಅವನಿಗೆ ಅದೆಲ್ಲ ತಲೆಗೆ ಹೋಗುದಿಲ್ಲ," ಎಂದು ಮಗಳಿಗೆ ಹೇಳಿದರು.

ತಲೆಗೆ ಹೋಗದವನು ಪೋಸ್ಟ್ ಮಾಸ್ಟರ್ ಆಗಬೇಕು, ಹೋಗುವವಳು ಅವನ ಫಾರ್ಮ್ ತುಂಬಬೇಕು! ನಾನು ಗಂಜಿಯ ಪಾತ್ರೆಯ ಬಾಯಿಗೆ ಸೌಟನ್ನು ಜೋರಾಗಿಯೇ ಕುಟ್ಟಿದೆ. ಇವರು ತಲೆಯೆತ್ತಲಿಲ್ಲ.

ಮೀಂಜದ ಒಳಗಿನ ನಮ್ಮ ಊರಿನ ಪೋಸ್ಟಾಫೀಸು ಇರುವುದು ನಮ್ಮ ಮನೆಯ ಜಗಲಿಗೆ ತಾಗಿದ ಕೋಣೆಯಲ್ಲಿ. ಮೊದಲು ನನ್ನ ಸೋದರಮಾವ ಅಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದರು. ಅವರಿಗೆ ವಯಸ್ಸಾದಾಗ ಆ ಕುರ್ಚಿ ನನ್ನನ್ನು ಮದುವೆಯಾದವರಿಗೆ ಬಂತು. ಹತ್ತನೇ ಕ್ಲಾಸು ಪಾಸಾಗಿದ್ದವಳು ನಾನು, ಇವರಲ್ಲ. ಆಗೆಲ್ಲ ಎಂಟನೆಯದು ಸಾಕಿತ್ತು, ಹೇಳುವವರು ಒಬ್ಬರಿದ್ದರೆ ಸಾಕಿತ್ತು. ನನ್ನನ್ನು ಕೇಳಬಹುದೆಂದು ಯಾರಿಗೂ ಹೊಳೆಯಲಿಲ್ಲ. ಮನೆ ಮಾತ್ರ ಪಾಲಿನಲ್ಲಿ ನನ್ನ ಹೆಸರಿಗೆ ಬಂತು. ನಮ್ಮಲ್ಲಿ ಹಾಗೆಯೇ, ಮನೆ ಹೆಣ್ಣಿನ ಕಡೆಗೆ.

"ಅವಳೂ ಒಂದು ಹಾಕಲಿ, ಇವನೂ ಒಂದು ಹಾಕಲಿ. ಎಂತ ತೊಂದರೆ?" ಎಂದೆ.

"ತೊಂದರೆ ಉಂಟು. ಊರಿನಲ್ಲಿ ಯಾರೂ ಹಾಕಬಾರದು ಅಂತ ನಾನು ನಾಲ್ಕು ಮನೆಗೆ ಹೋಗಿ ಹೇಳಿ ಬಂದಿದ್ದೇನೆ. ಗುಣಪಾಲನ ಮಗಳು ಹಾಕುವವಳಿದ್ದಳು, ಅವಳನ್ನೂ ನಿಲ್ಲಿಸಿದ್ದೇನೆ. ಈಗ ನಮ್ಮ ಮನೆಯಿಂದಲೇ ಎರಡಾದ್ರೆ ನನ್ನ ಮುಖ ಎಲ್ಲಿ ಇಡುದು? ಮತ್ತೆ ಇವಳು ನಾಳೆ ಮದುವೆಯಾಗಿ ಹೋಗುವವಳು. ಪೋಸ್ಟಾಫೀಸನ್ನು ಗಂಟು ಕಟ್ಟಿ ತಕೊಂಡು ಹೋಗ್ತಾಳಾ?"

"ನೀವು ಮದುವೆಯಾಗಿ ಬಂದವರೇ ಅಲ್ವಾ?"

ಇವರು ಗಂಜಿ ಬಿಟ್ಟು ಎದ್ದರು. ಕೈ ತೊಳೆಯುವಾಗ ನೀರು ಅಂಗಳದ ಅರ್ಧದವರೆಗೆ ಹಾರಿತು.

ಮಗ ಕುಶಲ ಬಾಗಿಲಲ್ಲಿ ನಿಂತು ಮೊಬೈಲು ನೋಡುತ್ತಿದ್ದ. ಅವನಿಗೆ ಇಪ್ಪತ್ತೊಂಬತ್ತು. ಮದುವೆಮನೆಗಳಿಗೆ ಶಾಮಿಯಾನ, ಕುರ್ಚಿ, ಲೈಟು ಹಾಕಿಸುವ ಕೆಲಸ, ಅದರಲ್ಲಿ ಸೋತವನೂ ಅಲ್ಲ.

"ನಿನಗೆ ಬೇಕಾ ಮಾರಾಯ ಈ ಕೆಲಸ?"

"ಬೇಕು ಅಂತ ನಾನು ಹೇಳ್ಲಿಲ್ಲ ಅಮ್ಮ. ಬೇಡ ಅಂತಲೂ ಹೇಳ್ಲಿಲ್ಲ. ಅಪ್ಪ ಫೋಟೋ ತೆಗೆಸು ಅಂದ್ರು, ತೆಗೆಸಿದೆ."

"ಹುಡುಗಿ ನೋಡ್ಲಿಕ್ಕೆ ಹೋದಲ್ಲಿಯೂ ಹೀಗೆ ಹೇಳಿ ಬರಬೇಡ."

ಅಶ್ಮಿತಾ ಅಣ್ಣನ ಸರ್ಟಿಫಿಕೇಟಿನ ಕವರನ್ನು ಬ್ಯಾಗಿಗೆ ಹಾಕಿಕೊಂಡಳು. ಪೋಸ್ಟಾಫೀಸಿಗೆ ಕೈಯಲ್ಲಿ ಹಿಡಿಯುವ ಮಿಷನ್ ಬಂದ ಮೇಲೆ ಅದನ್ನು ನಡೆಸುತ್ತಿದ್ದವಳು ಅವಳು. ಇವರು ಬೆರಳು ಒತ್ತಿ ಮಿಷನನ್ನು ಎಬ್ಬಿಸಿ ಅವಳ ಕೈಗೆ ಕೊಡುವುದು, ಬಾಕಿಯದೆಲ್ಲ ಅವಳದು. ಜನರಿಗೆ ಅದು ಗೊತ್ತಿತ್ತು. ಅವಳು ಮಂಗಳೂರಿಗೆ ಹೋದ ದಿನ "ಇವತ್ತು ಪೋಸ್ಟಾಫೀಸ್ ಇಲ್ಲ" ಎಂದು ಹಿಂತಿರುಗಿ ಹೋಗುತ್ತಿದ್ದರು, ಇವರು ಕುರ್ಚಿಯಲ್ಲಿ ಕೂತಿರುವಾಗಲೇ.

ನಾನೂ ಸೀರೆ ಬದಲಾಯಿಸಿ ಅವಳ ಜೊತೆ ಹೊರಟೆ. ಯಾಕೆಂದು ಇವರು ಕೇಳಿದ್ದರೆ ಮೀನು ತರಲಿಕ್ಕೆ ಎನ್ನುತ್ತಿದ್ದೆ. ಕೇಳಲಿಲ್ಲ.

ಉಪ್ಪಳದಲ್ಲಿ ನಸೀಬಾಳ ಕಂಪ್ಯೂಟರ್ ಸೆಂಟರು ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಮೆಟ್ಟಿಲಿನವರೆಗೆ ಜನ. ಎಲ್ಲರ ಕೈಯಲ್ಲೂ ಅಂಥದೇ ಕವರು.

"ಬನ್ನಿ ರಾಜೀವಿಯಕ್ಕ. ನಿಮ್ಮ ಮಗ ಮೊನ್ನೆ ಅರ್ಧ ತುಂಬಿಸಿ ಶಾಮಿಯಾನ ಅಂತ ಓಡಿದ, ನಾನು ನೋಡ್ತಾನೇ ಇದ್ದೇನೆ. ಕೂರು ಅಶ್ಮಿತಾ."

ಪರದೆಯ ಮೇಲೆ ಕುಶಲನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಇದ್ದವು. ಹತ್ತನೇ ಕ್ಲಾಸಿನ ಗ್ರೇಡುಗಳ ಜಾಗ ಖಾಲಿ. ಅಶ್ಮಿತಾ ಸರ್ಟಿಫಿಕೇಟು ನೋಡಿ ಒಂದೊಂದಾಗಿ ತುಂಬಿದಳು. ಸಿ. ಡಿ ಪ್ಲಸ್. ಸಿ. ಮತ್ತೆ ಡಿ ಪ್ಲಸ್. ನಸೀಬಾ ನನ್ನ ಮುಖ ನೋಡಿದಳು.

"ಇದರಲ್ಲಿ ಆಗ್ತದಾ?" ಎಂದೆ.

"ನಾನು ಸುಳ್ಳು ಹೇಳುದಿಲ್ಲ ಅಕ್ಕ. ಇದಕ್ಕೆ ಪರೀಕ್ಷೆ ಇಲ್ಲ, ಇಂಟರ್‌ವ್ಯೂ ಇಲ್ಲ. ಈ ಗ್ರೇಡು ಮಾತ್ರ. ಜಾಸ್ತಿ ಇದ್ದವರಿಗೆ ಹೋಗ್ತದೆ."

"ಆದರೆ ನಮ್ಮ ಊರಿನಲ್ಲಿ ಬೇರೆ ಯಾರೂ ಹಾಕುದಿಲ್ಲ. ಇವರು ಎಲ್ಲರಿಗೂ ಹೇಳಿದ್ದಾರೆ."

ನಸೀಬಾ ನಗು ತಡೆಯಲು ನೋಡಿದಳು, ಆಗಲಿಲ್ಲ. "ಮುದ್ದಣ್ಣಣ್ಣ ಪಯ್ಯನ್ನೂರಿನವರಿಗೂ ಹೇಳಿದ್ದಾರಾ? ಕಾಞಂಗಾಡಿನವರಿಗೆ? ನಿಮ್ಮ ಪೋಸ್ಟಾಫೀಸಿಗೆ ಈ ವಾರ ವಾಟ್ಸಾಪಿನಲ್ಲಿ ಕಾಗದ ತರಿಸಿಕೊಂಡು ನಾನೊಬ್ಬಳೇ ಎಷ್ಟು ಮಂದಿ ದೂರದವರಿಗೆ ಹಾಕಿ ಕೊಟ್ಟೆ ಗೊತ್ತುಂಟಾ? ಎಲ್ಲ ವಿಷಯದಲ್ಲೂ ಎ ಪ್ಲಸ್ ಇದ್ದ ಮಕ್ಕಳು."

"ಅವರಿಗೆ ಮೀಂಜ ಎಲ್ಲಿ ಉಂಟು ಅಂತ ಗೊತ್ತುಂಟಾ?"

"ಇಲ್ಲ. ಲಿಸ್ಟಿನಲ್ಲಿ ಹೆಸರು ಉಂಟು. ಒತ್ತಿದ್ರೆ ಆಯ್ತು."

ಆಗ ನನ್ನ ಕಿವಿ ಬಿಸಿಯಾಯಿತು. ಈ ಮನುಷ್ಯ ನಾಲ್ಕು ಮನೆಯ ಮೆಟ್ಟಿಲು ಹತ್ತಿ, ಚಹಾ ಕುಡಿದು, ಓದಿದ ನಾಲ್ಕು ಮಕ್ಕಳ ಕೈ ಕಟ್ಟಿ ಬಂದಿದ್ದಾರೆ. ಊರ ಹೊರಗಿನವರಿಗೆ ದಾರಿ ಗುಡಿಸಿ ಕೊಟ್ಟಿದ್ದಾರೆ. ಗೆಲ್ಲುವ ಕುದುರೆಯನ್ನು ಹಟ್ಟಿಯಲ್ಲಿ ಕಟ್ಟಿ, ಬೇಡವೆನ್ನುವ ಕುದುರೆಯನ್ನು ಓಟಕ್ಕೆ ಬಿಟ್ಟಿದ್ದಾರೆ. ಇಷ್ಟು ಮಾಡಿ ಮೇಲಿಂದ ಮುಖ ಎಲ್ಲಿಡಲಿ ಎಂದು ಕೇಳುತ್ತಾರೆ.

"ಅಶ್ಮಿತಾ, ನಿನ್ನದು ಎಷ್ಟು?"

"ಒಂಬತ್ತು ಎ ಪ್ಲಸ್. ಒಂದು ಎ."

"ನಸೀಬಾ, ಇದನ್ನು ಹೀಗೇ ಬಿಡು. ಇವಳದ್ದು ತೆರೆ."

"ಅಮ್ಮ, ಅಪ್ಪ..."

"ಅಪ್ಪನಿಗೆ ನಾನು ಹೇಳ್ತೇನೆ."

"ಅದಲ್ಲ. ನನ್ನ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿ ಉಂಟು."

ಪೆಟ್ಟಿಗೆ ಎಂದರೆ ಪೋಸ್ಟಾಫೀಸಿನ ಕಬ್ಬಿಣದ ಪೆಟ್ಟಿಗೆ. ಸರಕಾರದ ಹಣ, ಸ್ಟಾಂಪು ಇಡಲು ಕೊಟ್ಟದ್ದು. ಊರಿನಲ್ಲಿ ಅದಕ್ಕಿಂತ ಭದ್ರವಾದ ಜಾಗ ಇಲ್ಲವೆಂದು ಇವರು ಮನೆಯ ಕಾಗದಪತ್ರ, ನನ್ನ ಎರಡು ಬಳೆ, ಮಕ್ಕಳ ಸರ್ಟಿಫಿಕೇಟು ಎಲ್ಲವನ್ನೂ ಅದರೊಳಗೇ ಇಟ್ಟಿದ್ದರು. ಬೀಗದ ಕೈ ಇವರ ಸೊಂಟದಲ್ಲಿ. ಕುಶಲನ ಕವರನ್ನು ಮಾತ್ರ ಹೊರಗೆ ತೆಗೆದು ಕೊಟ್ಟಿದ್ದರು.

"ಹೆಸರು, ನಂಬರು ಎಲ್ಲ ನಾನು ತುಂಬಿಸಿಡ್ತೇನೆ. ಹೆಣ್ಣುಮಕ್ಕಳಿಗೆ ಫೀಸೂ ಇಲ್ಲ," ಎಂದಳು ನಸೀಬಾ. "ಸರ್ಟಿಫಿಕೇಟು ಸ್ಕ್ಯಾನ್ ಮಾಡಿ ಹಾಕದೆ ಮುಂದೆ ಹೋಗುದಿಲ್ಲ. ಬೇಗ ಬನ್ನಿ ಅಕ್ಕ. ಸಂಜೆಯಾದ್ರೆ ಸೈಟು ತೆರೆಯುದಿಲ್ಲ, ಎಲ್ಲರೂ ಕೊನೇ ದಿನವೇ ಬರುದು."

ಮಗಳನ್ನು ಅಲ್ಲೇ ಕೂರಿಸಿ ನಾನು ರಿಕ್ಷಾ ಹಿಡಿದೆ. ದಾರಿಯುದ್ದಕ್ಕೂ ಇವರಿಗೆ ಹೇಳಬೇಕಾದದ್ದನ್ನು ಜೋಡಿಸುತ್ತ ಬಂದೆ. ಬಾಯಲ್ಲೇ ಹೇಳುತ್ತಿದ್ದೆನೋ ಏನೋ, ರಿಕ್ಷಾದವನು ಎರಡು ಸಲ ತಿರುಗಿ ನೋಡಿದ.

ಕೋಣೆಯಲ್ಲಿ ಗುಣಪಾಲ ನಿಂತಿದ್ದ. ರಿಜಿಸ್ಟರ್ ಕಾಗದ ಕಳಿಸಲು ಬಂದವನು. ಇವರು ಮಿಷನನ್ನು ತಿರುಗಿಸಿ, ಮಗುಚಿ ನೋಡುತ್ತಿದ್ದರು.

"ಅಶ್ಮಿತಾ ಬಂದಳಾ? ಇದು ಯಾಕೋ ಕೆಂಪು ತೋರಿಸ್ತದೆ."

"ಪೆಟ್ಟಿಗೆಯ ಕೀ ಕೊಡಿ. ಅವಳ ಸರ್ಟಿಫಿಕೇಟು ಬೇಕು."

ಇವರಿಗೆ ಅರ್ಥವಾಯಿತು. ಮಿಷನನ್ನು ಮೇಜಿನ ಮೇಲಿಟ್ಟರು. "ಈಗ ಆಫೀಸ್ ಟೈಮು. ಸರಕಾರದ ಪೆಟ್ಟಿಗೆಯನ್ನು ಮನೆ ಕೆಲಸಕ್ಕೆ ತೆರೀಲಿಕ್ಕಾಗುದಿಲ್ಲ."

"ಸರಕಾರದ ಪೆಟ್ಟಿಗೆಯಲ್ಲಿ ನನ್ನ ಮಗಳ ಸರ್ಟಿಫಿಕೇಟು ಎಂತ ಮಾಡ್ತಾ ಉಂಟು? ನನ್ನ ಬಳೆ ಎಂತ ಮಾಡ್ತಾ ಉಂಟು?"

"ರಾಜೀವಿ, ಜನ ಇದ್ದಾರೆ."

"ಇರಲಿ. ಒಳ್ಳೆದಾಯ್ತು. ಗುಣಪಾಲ, ನಿನ್ನ ಮಗಳು ಅರ್ಜಿ ಹಾಕಿದಳಾ?"

"ಇಲ್ಲ ಅಕ್ಕ. ಮುದ್ದಣ್ಣಣ್ಣ ಮನೆಗೇ ಬಂದು ಕೇಳಿಕೊಂಡ್ರು. ಹಿರಿಯರ ಮಾತು ಮೀರುದು ಹೇಗೆ ಅಂತ..."

"ಪಯ್ಯನ್ನೂರಿನವರು ಹಾಕಿದ್ದಾರೆ. ಕಾಞಂಗಾಡಿನವರು ಹಾಕಿದ್ದಾರೆ. ಊರಿನವರು ಮಾತ್ರ ಹಾಕಲಿಲ್ಲ. ಕುಶಲನ ಗ್ರೇಡಿನಲ್ಲಿ ಈ ಕೋಣೆಯ ಕಸ ಗುಡಿಸುವ ಕೆಲಸವೂ ಸಿಗುದಿಲ್ಲ."

ಗುಣಪಾಲ ಇವರನ್ನು ನೋಡಿದ. ಅವನು ಯಾವತ್ತೂ ಗಟ್ಟಿ ಮಾತಾಡಿದವನಲ್ಲ. "ಹೌದಾ ಮುದ್ದಣ್ಣಣ್ಣ? ಹೊರಗಿನವರಿಗೂ ಹಾಕ್ಲಿಕ್ಕೆ ಉಂಟಾ?"

"ಹೊರಗಿನವರು ಬಂದು ಇಲ್ಲಿ ಕೂರ್ತಾರಾ? ಅದೆಲ್ಲ ಸುಮ್ಮನೆ ಮಾರಾಯ. ನಾನು ಇಷ್ಟು ವರ್ಷದಿಂದ ಇಲಾಖೆಯನ್ನು ನೋಡಿದವನು. ಕೋಣೆ ಯಾರದ್ದೋ ಕೆಲಸ ಅವರದ್ದು."

"ಆಯ್ತು. ಕೋಣೆ ಯಾರದ್ದು?" ಎಂದೆ.

ಇವರು ಮೇಜಿನ ಮೇಲಿದ್ದ ಮಿಷನನ್ನು ಮತ್ತೆ ಕೈಗೆತ್ತಿಕೊಂಡರು.

"ಮನೆ ಜಾಗದ ತೀರ್ವೆ ಕಟ್ಟಿದ ರಶೀದಿಯೂ ಆ ಪೆಟ್ಟಿಗೆಯಲ್ಲೇ ಉಂಟಲ್ಲ, ತೆಗೆದು ಓದಿ ನೋಡಿ ಯಾರ ಹೆಸರು ಅಂತ. ಇಲ್ಲದಿದ್ರೆ ನಾನು ಈಗಲೇ ಇನ್‌ಸ್ಪೆಕ್ಟರಿಗೆ ಫೋನ್ ಮಾಡ್ತೇನೆ. ಸರಕಾರದ ಪೆಟ್ಟಿಗೆಯಲ್ಲಿ ನನ್ನ ಬಳೆ ಸಿಕ್ಕಿಬಿದ್ದಿದೆ, ಬಂದು ಬಿಡಿಸಿ ಕೊಡಿ ಅಂತ."

"ಮಾಡುವವಳೇ ನೀನು," ಎಂದರು ಇವರು. ಅದು ಬೈಗುಳವಾಗಿತ್ತು. ಆದರೆ ಕೈ ಸೊಂಟಕ್ಕೆ ಹೋಯಿತು.

ಪೆಟ್ಟಿಗೆ ತೆರೆದು ಕವರನ್ನು ನನ್ನ ಕೈಗೆ ಕೊಡಲಿಲ್ಲ. ಮೇಜಿನ ಮೇಲೆ ಎಸೆದರು. ಅದು ಜಾರಿ ಕೆಳಗೆ ಬಿತ್ತು. ಎತ್ತಿ, ಸೆರಗಿನಿಂದ ಒರೆಸಿಕೊಂಡೆ. ಆ ಹೊತ್ತಿಗೆ ನನ್ನೊಳಗೆ ಹುಟ್ಟಿದ ಸಿಟ್ಟು ಸೌಟು ಕುಟ್ಟಿದರೆ ಹೋಗುವಂಥದ್ದಲ್ಲ. ಮಾತಾಡಿದರೆ ಕೆಟ್ಟದ್ದು ಬರುತ್ತದೆಂದು ಹೊರಗೆ ಬಂದೆ.

ಹಿಂದಿನಿಂದ ಗುಣಪಾಲ ಬಂದ. ರಿಜಿಸ್ಟರ್ ಕಾಗದ ಅವನ ಕೈಯಲ್ಲೇ ಇತ್ತು. "ಅಕ್ಕ, ಇನ್ನೂ ಸಮಯ ಉಂಟಾ?"

"ಉಂಟು. ಮಗಳನ್ನು ಕರ್ಕೊಂಡು ಉಪ್ಪಳಕ್ಕೆ, ನಸೀಬಾಳ ಸೆಂಟರಿಗೆ ಬಾ. ಸರ್ಟಿಫಿಕೇಟು ಮರೀಬೇಡ."

ಅವಳು ಬಂದರೆ ಅಶ್ಮಿತಾಳಿಗೆ ಎದುರಾಳಿಯೇ. ಆಗಲಿ. ಯಾರನ್ನೋ ಮನೆಯಲ್ಲಿ ಕೂರಿಸಿ ಗೆದ್ದದ್ದು ಗೆಲುವಲ್ಲ.

ನಾನು ಉಪ್ಪಳಕ್ಕೆ ಮುಟ್ಟುವಾಗ ನಸೀಬಾ ಊಟಕ್ಕೂ ಏಳದೆ ಕೂತಿದ್ದಳು. ಸರ್ಟಿಫಿಕೇಟನ್ನು ಸ್ಕ್ಯಾನಿಗೆ ಇಟ್ಟು, ಅದು ದೊಡ್ಡದಾಯಿತೆಂದು ಸಣ್ಣ ಮಾಡಿ, ಮತ್ತೆ ಹಾಕಿದಳು. ಪರದೆಯಲ್ಲಿ ಚಕ್ರ ತಿರುಗಿತು, ನಿಂತಿತು, ಮೊದಲಿನಿಂದ ಎಂದಿತು. ನಸೀಬಾ ತನ್ನ ಬ್ಯಾರಿ ಭಾಷೆಯಲ್ಲಿ ಅದಕ್ಕೆ ಏನೋ ಹೇಳಿದಳು. ಒಳ್ಳೆಯ ಮಾತಲ್ಲವೆಂದು ನನಗೂ ತಿಳಿಯಿತು. ಮೂರನೆಯ ಸಲ ಹಿಡಿಯಿತು.

"ಈಗ ಜಾಗ ಆರಿಸಬೇಕು. ಐದು ಕಡೆಗೆ ಹಾಕ್ಲಿಕ್ಕೆ ಉಂಟು. ಮೊದಲು ಬೇಕಾದ್ದನ್ನು ಮೊದಲು ಹಾಕು," ಎಂದು ನಸೀಬಾ ಕುರ್ಚಿಯನ್ನು ಅಶ್ಮಿತಾಳಿಗೆ ಬಿಟ್ಟಳು.

ನಾನು ಹಿಂದೆ ನಿಂತಿದ್ದೆ. ಊರುಗಳ ಹೆಸರು ಮೇಲೆ ಹೋಗುತ್ತಿದ್ದವು. ನಮ್ಮ ಊರಿನ ಹೆಸರು ಬಂತು, ಮೇಲಕ್ಕೆ ಹೋಯಿತು. ನೋಡಲಿಲ್ಲವೇನೋ ಎಂದು ಬೆರಳು ತೋರಿಸಿದೆ.

"ನೋಡಿದೆ ಅಮ್ಮ."

ಮೊದಲನೆಯದಾಗಿ ಅವಳು ಒತ್ತಿದ್ದು ದೂರದ ಎಡನೀರು ಬದಿಯ ಒಂದು ಕಚೇರಿ. ಅದೂ ಕುರ್ಚಿಯ ಕೆಲಸವಲ್ಲ, ಮನೆ ಮನೆಗೆ ಕಾಗದ ಹಂಚುವ ಕೆಲಸ. ಎರಡನೆಯದು ಕುಂಬಳೆ ಬದಿ. ಮೂರು, ನಾಲ್ಕು ಎಲ್ಲಿಯವೋ. ನಮ್ಮದು ಐದನೆಯದು.

"ಎಂತ ಮಾಡಿದ್ದು ನೀನು?" ನನ್ನ ದನಿ ಏರಿತು. ಮೆಟ್ಟಿಲಲ್ಲಿದ್ದವರು ಇಣುಕಿದರು. "ಅಲ್ಲಿ ನಾನು ಯುದ್ಧ ಮಾಡಿ ಬಂದಿದ್ದೇನೆ! ಆ ಕೋಣೆಗೋಸ್ಕರ! ಬಿಸಿಲಲ್ಲಿ ಕಾಗದ ಹೊತ್ತು ತಿರುಗ್ತೀಯಾ ನೀನು?"

"ತಿರುಗ್ತೇನೆ. ಆ ಕೋಣೆಯಲ್ಲಿ ಕೂತ್ರೆ ಅಪ್ಪ ಎದುರು ಕೂತು ಹೇಳಿಕೊಡ್ತಾರೆ. ನೀನು ಹಿಂದೆ ನಿಂತು ಹೇಳಿಕೊಡ್ತೀ. ಈಗ ನಿಂತಿದ್ದೀಯಲ್ಲ, ಹಾಗೆ."

ನಸೀಬಾ ಪ್ರಿಂಟರಿನ ಕಡೆಗೆ ಮುಖ ತಿರುಗಿಸಿ ಇಲ್ಲದ ಕಾಗದ ಹುಡುಕಿದಳು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸಿಟ್ಟು ಇಳಿಯಿತೆಂದಲ್ಲ. ಇಷ್ಟು ವರ್ಷ ಮಾತಾಡದವಳು ಒಂದು ಮಾತು ಆಡಿ ಮುಗಿಸಿದ್ದಳು, ಅದನ್ನು ನಾನು ಕಿತ್ತುಕೊಂಡರೆ ಅಪ್ಪನಿಗೂ ನನಗೂ ಏನು ವ್ಯತ್ಯಾಸ? ಕೊನೆಯ ಗುಂಡಿಯನ್ನು ಒತ್ತಿದಳು. ಅರ್ಜಿ ಹೋಯಿತೆಂದು ಅವಳ ಮೊಬೈಲಿಗೆ ಮೆಸೇಜು ಬಂತು. ಆಗಲೇ ಗುಣಪಾಲ ಏದುಸಿರು ಬಿಡುತ್ತ ಮಗಳೊಂದಿಗೆ ಮೆಟ್ಟಿಲು ಹತ್ತಿ ಬಂದ. ಅಶ್ಮಿತಾ ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟಳು.

ಬಸ್ಸು ಹಿಡಿದು ಮನೆಗೆ ಬರುವಾಗ ಸಂಜೆ. ಇವರು ಜಗಲಿಯಲ್ಲಿ ಕೂತಿದ್ದರು. ಕುಶಲನೂ ಇದ್ದ, ನಾಳೆಯ ಯಾವುದೋ ಮದುವೆಯ ಲೈಟಿನ ವಯರು ಸುತ್ತುತ್ತಿದ್ದ.

"ನನ್ನದು ಎಂತಾಯ್ತು?" ಎಂದು ಕೇಳಿದ.

"ಅರ್ಧದಲ್ಲಿ ಉಂಟು."

"ಒಳ್ಳೆದಾಯ್ತು," ಎಂದು ವಯರು ಸುತ್ತುವುದನ್ನು ಮುಂದುವರಿಸಿದ.

ಇವರು ಗಂಟಲು ಸರಿಮಾಡಿಕೊಂಡರು. ಬೆಳಿಗ್ಗಿನ ದನಿಯೇ ಅಲ್ಲ ಅದು. ಹಗಲಿಡೀ ಲೆಕ್ಕ ಹಾಕಿದ್ದಾರೆ, ಎ ಪ್ಲಸ್ಸಿನ ಬೆಲೆ ತಿಳಿದಿದೆ. "ಆಗಲಿ. ಹಾಕಿದ್ದು ಹಾಕಿ ಆಯ್ತು. ಮೊದಲ ತಿಂಗಳು ನಾನು ಹತ್ತಿರ ಕೂತು ಎಲ್ಲ ಹೇಳಿಕೊಡ್ತೇನೆ. ನಮ್ಮದನ್ನು ಒಂದನೆಯದಾಗಿ ಹಾಕಿದ್ದಾಳಲ್ಲ?"

ನಾನು ಅಂಗಳದ ಕಡೆಗೆ ಕೈ ತೋರಿಸಿದೆ. "ಅವಳನ್ನೇ ಕೇಳಿ."

ಅಶ್ಮಿತಾ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ಚೊಂಬು ಕೆಳಗಿಟ್ಟು ನೆಟ್ಟಗೆ ನಿಂತಳು.

"ಐದನೆಯದು ಅಪ್ಪ. ಮೊದಲು ಎಡನೀರು ಬದಿಯದ್ದು."

ಇವರು ನನ್ನ ಕಡೆಗೆ ತಿರುಗಿದರು, ಇದನ್ನೂ ನಾನೇ ಹೇಳಿಸಿದ್ದೆಂಬಂತೆ, ಇಲ್ಲವೇ ಇನ್ನಾದರೂ ನಾನು ಎರಡು ಮಾತು ಆಡಿ ಸರಿ ಮಾಡುತ್ತೇನೆಂಬಂತೆ.

"ನನ್ನನ್ನು ಎಂತ ನೋಡುದು?" ಎಂದೆ. "ನನಗೂ ಅವಳ ಮೇಲೆ ಸಿಟ್ಟು ಬಂದೇ ಉಂಟು."

ಅಶ್ಮಿತಾ ನಮ್ಮಿಬ್ಬರ ನಡುವಿನಿಂದ ಒಳಗೆ ಹೋದಳು. ಅನ್ನದ ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.