ಪಾರ್ಕಿಗೆ ಹೋಗಿ ಕೂಗಿ

ಗಾಂಧಿ ಬಜಾರಿನ ಹೂವಿನ ಕಸ ಗುಡಿಸುವ ಅಂಜಮ್ಮ ಬೆಳಿಗ್ಗೆ ಕೆಲಸಕ್ಕೆ ಬಂದರೆ ಮಧ್ಯಾಹ್ನ ಮನೆ ಸೇರುವವರೆಗೆ ಒಂದು ಗುಟುಕು ನೀರು ಕುಡಿಯುವುದಿಲ್ಲ. ಜೊತೆಯ ಹೆಂಗಸರು ಯಾರೂ ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ವಾರ್ಡ್ ಕಚೇರಿಯ ಹಿಂದೆ ಈ ಪೌರಕಾರ್ಮಿಕರಿಗೆಂದು ಒಂದು ಕೋಣೆ, ಒಂದು ಕಕ್ಕಸು ಇತ್ತು. ಹೊಸ ಸಾಹೇಬರು ಬಂದವರೇ ಅಲ್ಲಿ ಕಂಟ್ರಾಕ್ಟರನ ಪೈಪು, ಸಿಮೆಂಟು ತುಂಬಿಸಿ ಬೀಗ ಜಡಿದರು. ಉಚ್ಚೆ ಕಟ್ಟಿಕೊಂಡು ಕಟ್ಟಿಕೊಂಡು ಜೊತೆಗೆ ಗುಡಿಸುವ ಜ್ಯೋತಿಲಕ್ಷ್ಮಿ ಎಂಬ ಹುಡುಗಿಗೆ ಉರಿಮೂತ್ರ ಹತ್ತಿ, ಸೋಂಕು ಕಿಡ್ನಿಗೇರಿ, ಈಗ ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಳೆ.

ಹೆಂಗಸರೆಲ್ಲ ಸೇರಿ ಸಾಹೇಬರನ್ನು ಕೇಳಲು ಹೋದಾಗ ಪೊಲೀಸರು ಬಂದರು. "ಇಲ್ಲಿ ಗುಂಪು ಸೇರೋ ಹಾಗಿಲ್ಲ. ಏನಿದ್ರೂ ಫ್ರೀಡಂ ಪಾರ್ಕಿಗೆ ಹೋಗಿ ಕೂಗಿ" ಎಂದರು. ಹೋದರು. ಅಲ್ಲಿ ಎಲ್ಲರೂ ಕೂಗುವವರೇ, ಕೇಳುವವನು ಒಬ್ಬನೂ ಇಲ್ಲ. ಪಕ್ಕದ ಶಾಮಿಯಾನದವರ ಮೈಕಿನಲ್ಲಿ ಇವರ ಗಂಟಲು ಮುಳುಗಿಹೋಯಿತು. ಸಾಹೇಬರು ಇತ್ತ ಬಸವನಗುಡಿಯ ಕಚೇರಿಯಲ್ಲೇ ಹಾಯಾಗಿ ಕಾಫಿ ಕುಡಿಯುತ್ತಿದ್ದರು. ಇವರ ಆ ದಿನದ ಹಾಜರಿಗೆ ಮಾತ್ರ ಕತ್ತರಿ ಬಿತ್ತು. ಎಂಥ ಅಚ್ಚುಕಟ್ಟಾದ ಸ್ವಾತಂತ್ರ್ಯ ನೋಡಿ! ಕೂಗಲು ಜಾಗ ಕೊಟ್ಟಿದ್ದಾರೆ, ಯಾರ ಕಿವಿಗೂ ಬೀಳದಷ್ಟು ದೂರದಲ್ಲಿ.

ಇವತ್ತು ತಿಂಡಿ ಹೊತ್ತಿಗೆ ಅಂಜಮ್ಮ ಡಬ್ಬಿ ಹಿಡಿದು ಸೀದಾ ಕಚೇರಿಯ ಬಾಗಿಲ ಮುಂದೆ ಕೂತಳು. ಜಗಳವಾಡುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. ಮುನಿಯಕ್ಕ ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಉಳಿದವರೂ ಕೂತರು. ಬೋರ್ಡಿಲ್ಲ, ಘೋಷಣೆಯಿಲ್ಲ.

ಜೀಪು ಬಂತು.

"ಏನಮ್ಮಾ, ಪ್ರೊಟೆಸ್ಟಾ ಇದು?" ಎಂದರು ಸಬ್ ಇನ್ಸ್‌ಪೆಕ್ಟರ್.

"ತಿಂಡಿ ಸಾರ್. ತಿನ್ನೋ ರೂಮಿಗೆ ಬೀಗ ಹಾಕವ್ರೆ."

"ಏಳಿ, ಏಳಿ. ಪಾರ್ಕಿಗೆ ಹೋಗಿ ಅಂತ ಹೇಳಿರ್ಲಿಲ್ವಾ?"

"ಪಾರ್ಕಲ್ಲಿ ನಮ್ ಕಕ್ಕಸ್ ಇಲ್ಲ ಸಾರ್. ಇಲ್ಲೈತೆ."

ಸಾಹೇಬರು ಕಿಟಕಿಯಿಂದ ಇಣುಕಿದರು. "ಕರ್ಕೊಂಡೋಗ್ರೀ ಇವ್ರನ್ನ. ಪಬ್ಲಿಕ್‌ಗೆ ತೊಂದ್ರೆ ಆಗ್ತಿದೆ." ಬೀದಿ ಗುಡಿಸುವವರು ಪಬ್ಲಿಕ್ ಅಲ್ಲವೆಂಬುದು ಅಂಜಮ್ಮನಿಗೆ ಆಗ ತಿಳಿಯಿತು.

ಮಹಿಳಾ ಪೇದೆ ಮಾಧವಿ ಅವಳ ರಟ್ಟೆ ಹಿಡಿದು, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು. "ಎದ್ಬಿಡಿ ಅಮ್ಮಾ. ಬಂದೋಬಸ್ತ್ ಅಂದ್ರೆ ನಮ್ಗೂ ಇದೇ ಗೋಳು. ನಾನೂ ಬೆಳಗ್ಗಿಂದ ನೀರು ಮುಟ್ಟಿಲ್ಲ."

ಅಂಜಮ್ಮ ಅವಳ ಮುಖ ನೋಡಿದಳು. ಮಗಳ ವಯಸ್ಸು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅಂಜಮ್ಮ ಕೈ ತೊಳೆಯಲು ಇಟ್ಟುಕೊಂಡಿದ್ದ ಬಾಟಲಿ ಎತ್ತಿ ಎಲ್ಲರೆದುರೇ ಗಟಗಟ ಕುಡಿದಳು.

"ಕುಡೀರೇ ಎಲ್ಲಾರೂ! ಹೊಟ್ಟೆ ತುಂಬ ಕುಡೀರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಟಲಿ ಎತ್ತಿದರು. ಎದುರಿನ ಹೂವಿನಂಗಡಿಯ ಸುಬ್ಬಮ್ಮ ತುಂಬಿದ ಬಿಂದಿಗೆಯನ್ನೇ ತಂದಿಟ್ಟಳು.

"ಏನ್ರೀ ಇದು ನಾಟಕ?" ಎಂದು ಸಾಹೇಬರು ಹೊರಗೆ ಬಂದರು.

"ಇನ್ನೊಂದ್ ಗಳಿಗೇಲಿ ನಮ್ಗೆಲ್ಲಾ ಅರ್ಜೆಂಟಾಗ್ತೈತೆ ಸಾರ್" ಎಂದಳು ಅಂಜಮ್ಮ. "ಬೀಗ ತೆಗೀತೀರೋ, ನಿಮ್ ಬಾಗ್ಲಲ್ಲೇ ಕೂರೋದೋ, ನೀವೇ ಹೇಳಿ."

ಸಬ್ ಇನ್ಸ್‌ಪೆಕ್ಟರ್ ಲಾಠಿಯನ್ನು ನೆಲಕ್ಕೆ ಬಡಿದು ಗದರಿದರು. ಯಾರೂ ಏಳಲಿಲ್ಲ. ಮಾಧವಿ ಹಿಡಿದಿದ್ದ ರಟ್ಟೆ ಬಿಟ್ಟು, ಬಿಂದಿಗೆಯ ನೀರಿಗೆ ಕೈ ಚಾಚಿದಳು.